ಬಳ್ಳಿಗಾವಿಯ ಕಲ್ಲು, ಕೇದಾರದ ಬೆಟ್ಟ



ಕಲಿಕಾ ಕೇಂದ್ರಕ್ಕೆ ಬಂದ ಮೊದಲ ದಿನ ನೆನಪಿದೆಯೇ? ಕೈಗೆ ಒಂದು ಸ್ಲೇಟು ಬಂತು. ಒಂದು ಬಳಪ ಬಂತು. ಬರೆದೆವು, ಅಳಿಸಿದೆವು, ಮತ್ತೆ ಬರೆದೆವು. ಈಗ ತಗಡಿನ ಸ್ಲೇಟು, ಪ್ಲಾಸ್ಟಿಕ್ ಸ್ಲೇಟು ಬಂದಿವೆ. ಹಳೆಯ ಕಾಲದ ಸ್ಲೇಟು ಮಾತ್ರ ಕಲ್ಲು. ಬಳಪವೂ ಕಲ್ಲೇ. ಈ ಎರಡೂ ಕಲ್ಲು ಹುಟ್ಟಿದ್ದು ಬೆಟ್ಟದ ಹೊಟ್ಟೆಯಲ್ಲಿ. ಅದು ಹೇಗೆ ಎಂದು ಈ ಪಾಠದಲ್ಲಿ ತಿಳಿಯೋಣ.

ಆದರೆ ಈ ಮಾತು ಶುರುವಾದದ್ದು ಸ್ಲೇಟಿನಿಂದ ಅಲ್ಲ. ಒಂದು ಬೋರಿನಿಂದ.

ಅಕ್ಕನ ಬೋರು

ಒಂದು ಸಂಜೆ ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ತಡವಾಗಿ ಬಂದರು. ಪುಸ್ತಕ ತೆಗೆಯಲಿಲ್ಲ. ಸುಮ್ಮನೆ ಗೋಡೆಗೆ ಒರಗಿ ಕೂತರು. ಏನಾಯ್ತು ಎಂದು ಕೇಳಿದೆವು.

“ಕಿವಿಯೋಲೆ ಅಡ ಇಟ್ಟು ಬೋರು ಹಾಕಿಸಿದ್ವಿ ಅಕ್ಕೋರೇ. ನಾನೂರು ಅಡಿ ಹೋಯ್ತು. ಬರೀ ಧೂಳು ಬಂತು. ಪಕ್ಕದ ಹೊಲದಾಗೆ ನೂರೆಂಬತ್ತು ಅಡಿಗೇ ನೀರು ಸಿಕ್ಕಿದೆ. ನಡುವೆ ಬರೀ ಒಂದು ಬದು. ಎಲ್ಲಾ ನಮ್ಮ ಹಣೆಬರಹ.”

ಎಲ್ಲರೂ ಸುಮ್ಮನಾದರು. ನಮ್ಮಲ್ಲಿ ಯಾರ ಮನೆಯಲ್ಲಿ ಈ ಕಥೆ ಇಲ್ಲ? ಆದರೆ ನಾವು ಹೇಳಿದೆವು: “ಅಕ್ಕ, ಇದು ಹಣೆಬರಹ ಅಲ್ಲ. ನೆಲದ ಅಡಿಯ ಕಲ್ಲು ಹೇಗೆ ನಿಂತಿದೆ ಅನ್ನೋದರ ಲೆಕ್ಕ. ಆ ಲೆಕ್ಕ ತಿಳಿಯಬೇಕಾದರೆ ನಮ್ಮ ನೆಲ ಹೇಗೆ ಆಯ್ತು ಅಂತ ತಿಳಿಯಬೇಕು.”

ಮುಂದಿನ ಭಾನುವಾರ ಎಲ್ಲರೂ ಸೇರಿ ಬಳ್ಳಿಗಾವಿಗೆ ಹೋದೆವು.

ಎರಡು ಕೇದಾರ

ಬಳ್ಳಿಗಾವಿ ಶಿಕಾರಿಪುರದಿಂದ ಸುಮಾರು 20 ಕಿಲೋಮೀಟರ್. ಅಲ್ಲಮಪ್ರಭುವಿನ ಊರು ಎಂದು ನಾವೆಲ್ಲ ಹೇಳುವ ಊರು. ಅಲ್ಲಿ ಕೇದಾರೇಶ್ವರ ದೇವಸ್ಥಾನ ಇದೆ. ಚಾಲುಕ್ಯರ ಕಾಲದ್ದು. ಸುಮಾರು ಸಾವಿರ ವರ್ಷ ಹಳೆಯದು. ಶಾಸನಗಳಲ್ಲಿ ಇದಕ್ಕೆ ದಕ್ಷಿಣ ಕೇದಾರ ಎಂಬ ಹೆಸರಿದೆ. ಅಂದರೆ ಉತ್ತರದಲ್ಲಿ ಇನ್ನೊಂದು ಕೇದಾರ ಇದೆ ಎಂದಾಯಿತು. ಅದೇ ಹಿಮಾಲಯದ ಕೇದಾರನಾಥ.

ಎರಡೂ ಕೇದಾರವನ್ನು ಹೋಲಿಸಿ ನೋಡಿ. ಉತ್ತರದ ಕೇದಾರ ಸಮುದ್ರ ಮಟ್ಟದಿಂದ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಸುತ್ತಲೂ ಹಿಮದ ಬೆಟ್ಟ. ದಕ್ಷಿಣದ ಕೇದಾರ ಸುಮಾರು 600 ಮೀಟರ್ ಎತ್ತರದಲ್ಲಿದೆ. ಸುತ್ತಲೂ ಗದ್ದೆ, ಜೋಳದ ಹೊಲ, ಕೆರೆ.

“ಅಲ್ಲಿ ಬೆಟ್ಟ ಇದೆ. ಇಲ್ಲಿ ಬೆಟ್ಟ ಎಲ್ಲಿದೆ?” ಎಂದು ಒಬ್ಬ ತಂಗಿ ಕೇಳಿದಳು.

ಒಳ್ಳೆಯ ಪ್ರಶ್ನೆ. ಇಲ್ಲಿಯೂ ಬೆಟ್ಟ ಇತ್ತು. ಅದು ಸವೆದು ಹೋಗಿದೆ. ಈಗ ನಾವು ನಿಂತಿರುವುದು ಆ ಬೆಟ್ಟದ ಬುಡದ ಮೇಲೆ. ಅದಕ್ಕೆ ಸಾಕ್ಷಿ ದೇವಸ್ಥಾನದ ಕಲ್ಲೇ. ಕೇದಾರೇಶ್ವರನ ಗುಡಿಯನ್ನು ಕಟ್ಟಿರುವುದು ಬಳಪದ ಕಲ್ಲಿನಿಂದ. ಬೂದು ಹಸಿರು ಬಣ್ಣ. ಮುಟ್ಟಿದರೆ ನುಣುಪು. ಹೊಸದಾಗಿ ಕಡಿದಾಗ ಈ ಕಲ್ಲು ಮೆತ್ತಗೆ. ಅದಕ್ಕೇ ಶಿಲ್ಪಿಗಳು ಇದರಲ್ಲಿ ಅಷ್ಟು ನವುರಾದ ಕೆತ್ತನೆ ಮಾಡಿದರು. (ಗುಡಿಯ ಕಲ್ಲನ್ನು ಉಗುರಿನಿಂದ ಕೆರೆಯಬೇಡಿ. ಅದು ನಮ್ಮೆಲ್ಲರ ಆಸ್ತಿ.)

ನೆಲ ಓಡಾಡುತ್ತದೆಯೇ?

ನಾವು ಗಟ್ಟಿ ಮಾತಿಗೆ “ನೆಲದ ಹಾಗೆ ಸ್ಥಿರ” ಎನ್ನುತ್ತೇವೆ. ನಿಜವಾಗಿ ನೆಲ ಸ್ಥಿರವಲ್ಲ. ಅದು ಓಡಾಡುತ್ತದೆ. ಆದರೆ ಬಹಳ ನಿಧಾನ.

ಒಲೆ ಮೇಲೆ ಹಾಲು ಇಟ್ಟಾಗ ನೋಡಿದ್ದೀರಿ. ಮೇಲೆ ಕೆನೆ ಕಟ್ಟುತ್ತದೆ. ಕೆಳಗೆ ಬಿಸಿ ಹಾಲು ಏಳುತ್ತದೆ, ಇಳಿಯುತ್ತದೆ. ಆಗ ಕೆನೆ ಅತ್ತ ಇತ್ತ ಸರಿಯುತ್ತದೆ. ಎರಡು ತುಂಡು ಕೆನೆ ಒಂದಕ್ಕೊಂದು ತಾಗಿದರೆ ಅಂಚಿನಲ್ಲಿ ಸುಕ್ಕು ಬೀಳುತ್ತದೆ.

ಭೂಮಿಯೂ ಹೀಗೇ. ಮೇಲಿನ ಗಟ್ಟಿ ಹೊದಿಕೆ ಸುಮಾರು 100 ಕಿಲೋಮೀಟರ್ ದಪ್ಪ. ಅದು ಒಂದೇ ತುಂಡಲ್ಲ. ಏಳೆಂಟು ದೊಡ್ಡ ತುಂಡು, ಹಲವು ಸಣ್ಣ ತುಂಡು. ಈ ತುಂಡಿಗೆ ಭೂಫಲಕ ಎಂದು ಹೆಸರು. ಕೆಳಗಿನ ಕಲ್ಲು ತುಂಬಾ ಬಿಸಿ. ಅದು ಹಾಲಿನ ಹಾಗೆ ನೀರಲ್ಲ. ಗಟ್ಟಿಯೇ. ಆದರೂ ಬಿಸಿಗೆ ಬಹಳ ನಿಧಾನವಾಗಿ ಜರಗುತ್ತದೆ. ಅದರ ಮೇಲಿನ ಭೂಫಲಕಗಳೂ ಸರಿಯುತ್ತವೆ.

ಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವೆಗೆನರ್ ಎಂಬ ವಿಜ್ಞಾನಿ ಹೇಳಿದರು. ಆಗ ಹೆಚ್ಚಿನವರು ನಂಬಲಿಲ್ಲ. ಅವರು 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಸಮುದ್ರದ ತಳವನ್ನು ಅಳೆದು ನೋಡಿದ ಮೇಲೆ, 1960ರ ದಶಕದಲ್ಲಿ, ಅವರ ಮಾತಿನ ಹುರುಳು ಎಲ್ಲರಿಗೂ ತಿಳಿಯಿತು.

ಹಿಮಾಲಯ ಎದ್ದ ಬಗೆ

ಮೊದಲು ಎಳೆಯ ಬೆಟ್ಟವನ್ನು ನೋಡೋಣ. ಆಮೇಲೆ ಮುದಿ ಬೆಟ್ಟಕ್ಕೆ ಬರೋಣ.

ಒಂದು ಕಾಲಕ್ಕೆ ನಮ್ಮ ಭಾರತ ಈಗಿನ ಜಾಗದಲ್ಲಿ ಇರಲಿಲ್ಲ. ದೂರ ದಕ್ಷಿಣದಲ್ಲಿ ಇತ್ತು. ಅಲ್ಲಿಂದ ಹೊರಟು ಉತ್ತರಕ್ಕೆ ಸರಿಯಿತು. ವೇಗ ಎಷ್ಟು? ವರ್ಷಕ್ಕೆ ಸುಮಾರು 15 ಸೆಂಟಿಮೀಟರ್. ಒಂದು ಗೇಣಿಗೂ ಕಡಿಮೆ. ಆದರೆ ಕೋಟಿ ಕೋಟಿ ವರ್ಷ ನಡೆದರೆ ಎಷ್ಟು ದೂರವಾದೀತು, ನೀವೇ ಲೆಕ್ಕ ಹಾಕಿ.

ಭಾರತಕ್ಕೂ ಏಷ್ಯಾಕ್ಕೂ ನಡುವೆ ಆಗ ಒಂದು ಸಮುದ್ರ ಇತ್ತು. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತ ಹೋಗಿ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವಿನ ಸಮುದ್ರ ಮುಚ್ಚಿಹೋಯಿತು. ಸಮುದ್ರದ ತಳದ ಕೆಸರು, ಸುಣ್ಣ, ಮರಳು ಎಲ್ಲಾ ಸುಕ್ಕಾಗಿ ಮೇಲೆದ್ದವು. ಅದೇ ಹಿಮಾಲಯ.

ಇದಕ್ಕೆ ಸಾಕ್ಷಿ ಬೇಕೇ? ಕೆಲವರ ದೇವರ ಮನೆಯಲ್ಲೇ ಇದೆ. ಸಾಲಿಗ್ರಾಮ ನೋಡಿದ್ದೀರಲ್ಲ? ಅದು ನೇಪಾಳದ ಗಂಡಕಿ ನದಿಯಲ್ಲಿ ಸಿಗುತ್ತದೆ. ಅದರ ಒಳಗೆ ಚಕ್ರದ ಹಾಗೆ ಸುರುಳಿ ಇರುತ್ತದೆ. ಆ ಸುರುಳಿ ಒಂದು ಸಮುದ್ರ ಜೀವಿಯ ಚಿಪ್ಪಿನ ಗುರುತು. ಆ ಜೀವಿ ಸತ್ತು ಕೆಸರಿನಲ್ಲಿ ಹೂತು ಕಲ್ಲಾಯಿತು. ಸಮುದ್ರದ ಜೀವಿ ಬೆಟ್ಟಕ್ಕೆ ಹತ್ತಿದ್ದು ಹೇಗೆ? ಅದು ಹತ್ತಲಿಲ್ಲ. ಸಮುದ್ರದ ತಳವೇ ಬೆಟ್ಟವಾಗಿ ಎದ್ದಿತು. ಎವರೆಸ್ಟ್ ಶಿಖರದ ತುದಿಯಲ್ಲಿಯೂ ಸಮುದ್ರದ ಸುಣ್ಣದ ಕಲ್ಲೇ ಇದೆ.

ಭಾರತ ಇಂದಿಗೂ ನಿಂತಿಲ್ಲ. ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಹೋಗುತ್ತಿದೆ. ನಮ್ಮ ಕೈಬೆರಳಿನ ಉಗುರು ಬೆಳೆಯುವಷ್ಟು ವೇಗ. ಅದಕ್ಕೇ ಹಿಮಾಲಯದಲ್ಲಿ ಮತ್ತೆ ಮತ್ತೆ ಭೂಕಂಪ ಆಗುತ್ತದೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ನೆಲ ನಡುಗಿ ಸುಮಾರು 9,000 ಜನ ಸತ್ತರು. ಎಳೆಯ ಬೆಟ್ಟ ಕಡಿದಾಗಿರುತ್ತದೆ. ಅದರ ಕಲ್ಲು ಒಡೆದು ಸಡಿಲವಾಗಿರುತ್ತದೆ. 2013ರ ಜೂನ್‌ನಲ್ಲಿ ಕೇದಾರನಾಥದಲ್ಲಿ ಭಾರಿ ಮಳೆ ಸುರಿಯಿತು. ಮೇಲಿನ ಕೆರೆ ಒಡೆಯಿತು. ನೀರು, ಕಲ್ಲು, ಮಣ್ಣು ಒಟ್ಟಿಗೆ ಇಳಿದು ಬಂತು. ಆ ದಿನಗಳಲ್ಲಿ ಉತ್ತರಾಖಂಡದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು.

ಡಿಕ್ಕಿ ಆದಾಗ ನೆಲಕ್ಕೆ ಏನಾಗುತ್ತದೆ?

ಎರಡು ನೆಲ ಡಿಕ್ಕಿ ಹೊಡೆದಾಗ ಐದು ಕೆಲಸ ಆಗುತ್ತವೆ. ಒಂದೊಂದಾಗಿ ನೋಡೋಣ.

ಒಂದು, ನೆಲ ಮಡಿಯುತ್ತದೆ. ಹಾಸಿದ ಸೀರೆಯನ್ನು ಎರಡು ಕಡೆಯಿಂದ ಕೈಯಲ್ಲಿ ತಳ್ಳಿ. ನೆರಿಗೆ ಏಳುತ್ತದೆ. ಕಲ್ಲಿನ ಪದರವೂ ಹೀಗೇ ನೆರಿಗೆಯಾಗುತ್ತದೆ. ಇಲ್ಲಿ ಒಂದು ಗುಟ್ಟು ಇದೆ. ಪೂರ್ವ ಪಶ್ಚಿಮದಿಂದ ತಳ್ಳಿದರೆ ನೆರಿಗೆ ಉತ್ತರ ದಕ್ಷಿಣವಾಗಿ ಏಳುತ್ತದೆ. ಉತ್ತರ ದಕ್ಷಿಣದಿಂದ ತಳ್ಳಿದರೆ ಪೂರ್ವ ಪಶ್ಚಿಮವಾಗಿ ಏಳುತ್ತದೆ. ಹಿಮಾಲಯಕ್ಕೆ ದಕ್ಷಿಣದಿಂದ ತಳ್ಳು ಬಂತು. ಅದಕ್ಕೇ ಅದು ಪೂರ್ವ ಪಶ್ಚಿಮವಾಗಿ 2,400 ಕಿಲೋಮೀಟರ್ ಉದ್ದ ಮಲಗಿದೆ.

ಎರಡು, ಒಂದರ ಮೇಲೆ ಒಂದು ಏರುತ್ತದೆ. ರೊಟ್ಟಿಯ ಸಾಲನ್ನು ಒಂದು ಕಡೆಯಿಂದ ಒತ್ತಿದರೆ ಒಂದು ರೊಟ್ಟಿ ಇನ್ನೊಂದರ ಮೇಲೆ ಜಾರಿ ಕೂರುತ್ತದೆ. ಮಡಿಕೆ ತಾಳದೆ ಕಲ್ಲು ಸೀಳುತ್ತದೆ. ಸೀಳಿದ ತುಂಡು ಪಕ್ಕದ ತುಂಡಿನ ಮೇಲೆ ಏರುತ್ತದೆ. ಹೀಗಾಗಿ ಬೆಟ್ಟದಲ್ಲಿ ಕೆಲವು ಕಡೆ ಹಳೆಯ ಕಲ್ಲು ಮೇಲೆ, ಹೊಸ ಕಲ್ಲು ಕೆಳಗೆ ಇರುತ್ತದೆ. ಈ ಸೀಳುಗಳು ಮೈಲಿಗಟ್ಟಲೆ ಉದ್ದ ಹೋಗುತ್ತವೆ.

ಮೂರು, ಕಲ್ಲು ಬೇಯುತ್ತದೆ. ಆಳಕ್ಕೆ ಹೋದ ಕಲ್ಲಿಗೆ ಮೇಲಿನ ಭಾರ, ಕೆಳಗಿನ ಬಿಸಿ. ಅಕ್ಕಿ ಹಿಟ್ಟು ಹಬೆಯಲ್ಲಿ ಬೆಂದು ಕಡುಬಾಗುವ ಹಾಗೆ ಕಲ್ಲು ಬೇರೆ ಕಲ್ಲಾಗುತ್ತದೆ. ಕೆಸರಿನ ಕಲ್ಲು ಒತ್ತಡಕ್ಕೆ ಸಿಕ್ಕಾಗ ಅದರ ಒಳಗಿನ ಸಣ್ಣ ಚಕ್ಕೆಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ. ಆಗ ಅದು ಹಾಳೆ ಹಾಳೆಯಾಗಿ ಸೀಳಲು ಬರುತ್ತದೆ. ಅದೇ ಸ್ಲೇಟು. ಆಂಧ್ರಪ್ರದೇಶದ ಮಾರ್ಕಾಪುರ ಶಾಲೆಯ ಸ್ಲೇಟಿಗೆ ಹೆಸರಾದ ಊರು. ಅಲ್ಲಿಯ ಕಲ್ಲೂ ಹೀಗೆ ಮಡಿಕೆಬಿದ್ದ ಬೆಟ್ಟದ ಸಾಲಿನದೇ. ಸಮುದ್ರದಡಿ ಉಕ್ಕಿದ ಕೆಲವು ಕಪ್ಪು ಕಲ್ಲು ಬಿಸಿನೀರು ಸೇರಿ ಬೆಂದರೆ ಮೆತ್ತನೆಯ ಕಲ್ಲಾಗುತ್ತದೆ. ಅದೇ ಬಳಪದ ಕಲ್ಲು. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರೂ ಇದೇ ಜಾತಿಯ ಕಲ್ಲಿನ ಪುಡಿ.

ನಾಲ್ಕು, ಕಲ್ಲು ಕರಗುತ್ತದೆ. ಇನ್ನೂ ಆಳದಲ್ಲಿ ಬಿಸಿ ಹೆಚ್ಚಾಗಿ ಕಲ್ಲು ಕರಗಿ ಪಾಕವಾಗುತ್ತದೆ. ಆ ಪಾಕ ಮೇಲೆ ಏರುತ್ತದೆ. ನೆಲದೊಳಗೇ ನಿಧಾನವಾಗಿ ತಣಿದು ಗ್ರಾನೈಟ್ ಆಗುತ್ತದೆ.

ಐದು, ಬೆಟ್ಟಕ್ಕೆ ಬೇರು ಬರುತ್ತದೆ. ಮರದ ದಿಮ್ಮಿ ನೀರಿನಲ್ಲಿ ತೇಲುವಾಗ ಮೇಲೆ ಕಾಣುವುದು ಸ್ವಲ್ಪ. ಕೆಳಗೆ ಮುಳುಗಿರುವುದು ಹೆಚ್ಚು. ಬೆಟ್ಟವೂ ಹಾಗೇ. ನೆಲದ ತೊಗಟೆ ಸಾಮಾನ್ಯವಾಗಿ 35–40 ಕಿಲೋಮೀಟರ್ ದಪ್ಪ. ಹಿಮಾಲಯ, ಟಿಬೆಟ್ ಕಡೆ ಅದು ಸುಮಾರು 70 ಕಿಲೋಮೀಟರ್.

ನೆರಿಗೆ, ಸೀಳು, ಬೆಂದ ಕಲ್ಲು, ಕರಗಿದ ಕಲ್ಲು, ಬೇರು. ಈ ಐದು ಗುರುತು ಕಂಡರೆ ಅಲ್ಲಿ ಒಂದು ಕಾಲಕ್ಕೆ ಡಿಕ್ಕಿ ಆಗಿದೆ ಎಂದು ಹೇಳಬಹುದು. ಬೆಟ್ಟ ಕಣ್ಣಿಗೆ ಕಾಣದಿದ್ದರೂ ಸರಿ.

ನಮ್ಮ ನಾಡಿನ ಹಳೆಯ ಡಿಕ್ಕಿ

ಈಗ ನಮ್ಮ ನಾಡಿಗೆ ಬರೋಣ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ. ನಮ್ಮ ಕರ್ನಾಟಕದ ನೆಲ ಲೋಕದ ಬಹಳ ಹಳೆಯ ನೆಲಗಳಲ್ಲಿ ಒಂದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು.

ಕಲ್ಲಿನ ವಯಸ್ಸು ತಿಳಿಯುವುದು ಹೇಗೆ? ಕಲ್ಲಿನೊಳಗೆ ಜಿರ್ಕಾನ್ ಎಂಬ ಸಣ್ಣ ಹರಳು ಇರುತ್ತದೆ. ಅದರಲ್ಲಿ ಚೂರು ಯುರೇನಿಯಂ ಇರುತ್ತದೆ. ಅದು ಕಾಲ ಕಳೆದ ಹಾಗೆ ಸೀಸವಾಗುತ್ತದೆ. ಎಷ್ಟು ಕಾಲಕ್ಕೆ ಎಷ್ಟು ಸೀಸ ಎಂಬ ಲೆಕ್ಕ ಬದಲಾಗುವುದಿಲ್ಲ. ಅದನ್ನು ಅಳೆದು ವಯಸ್ಸು ಹೇಳುತ್ತಾರೆ.

ಆ ಹಳೆಯ ನೆಲದ ಮೇಲೆ ಒಂದು ಕಾಲಕ್ಕೆ ಸಮುದ್ರ ಇತ್ತು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿ ಎಂಬ ಊರಿದೆ. ಅಲ್ಲಿ ದಿಂಬು ಜೋಡಿಸಿದ ಹಾಗೆ ಕಲ್ಲುಗಳಿವೆ. ಬೆಂಕಿಯ ಪಾಕ ನೀರಿನ ಅಡಿಯಲ್ಲಿ ಉಕ್ಕಿದರೆ ಮಾತ್ರ ಕಲ್ಲಿಗೆ ಈ ಆಕಾರ ಬರುತ್ತದೆ. ಹಿಮಾಲಯಕ್ಕೆ ಸಾಲಿಗ್ರಾಮ ಸಾಕ್ಷಿ. ನಮಗೆ ಈ ದಿಂಬಿನ ಕಲ್ಲು ಸಾಕ್ಷಿ. ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕ ಎಂದು ಕಾಪಾಡಿದೆ.

ಸುಮಾರು 250 ಕೋಟಿ ವರ್ಷದ ಹಿಂದೆ ಪಶ್ಚಿಮದ ನೆಲ ಮತ್ತು ಪೂರ್ವದ ನೆಲ ಒಂದಕ್ಕೊಂದು ಒತ್ತಿ ಕೂಡಿದವು. ಕೂಡಿದ ಹೊಲಿಗೆ ಗದಗ, ಚಿತ್ರದುರ್ಗ, ಮಂಡ್ಯ ಹೀಗೆ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಶಿಕಾರಿಪುರ, ಸೊರಬ ಈ ಹೊಲಿಗೆಯ ಪಶ್ಚಿಮಕ್ಕಿವೆ. ಆಗ ಭೂಮಿ ಇಂದಿಗಿಂತ ಬಿಸಿಯಾಗಿತ್ತು. ಆದ್ದರಿಂದ ಆಗಿನ ಡಿಕ್ಕಿ ಇಂದಿನ ಡಿಕ್ಕಿಯ ಹಾಗೇ ಇತ್ತೇ ಎಂದು ವಿಜ್ಞಾನಿಗಳು ಇನ್ನೂ ಚರ್ಚೆ ಮಾಡುತ್ತಾರೆ. ಆದರೆ ಎರಡು ನೆಲ ಕೂಡಿದವು ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ.

ಐದು ಗುರುತು ಇಲ್ಲಿ ಇವೆಯೇ? ನೋಡೋಣ.

ನೆರಿಗೆ ಇದೆ. ತಳ್ಳು ಪೂರ್ವ ಪಶ್ಚಿಮದಿಂದ ಬಂತು. ನಮ್ಮ ಕಲ್ಲಿನ ಪಟ್ಟಿಗಳು ಉತ್ತರ ದಕ್ಷಿಣವಾಗಿ, ಸ್ವಲ್ಪ ವಾಯವ್ಯಕ್ಕೆ ವಾಲಿ ಹೋಗುತ್ತವೆ. ಶಿವಮೊಗ್ಗದಿಂದ ರಾಣೆಬೆನ್ನೂರು, ಹಾವೇರಿ ದಾಟಿ ಧಾರವಾಡದ ತನಕ ಒಂದು ಪಟ್ಟಿ ಇದೆ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಂಥ ಕಲ್ಲುಗಳಿಗೆ ಧಾರವಾಡ ಶಿಲೆ ಎಂದು ಹೆಸರಿಟ್ಟರು. ಆ ಹೆಸರು ಈಗ ಲೋಕಕ್ಕೆಲ್ಲ ಗೊತ್ತು. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿ ಸಾಲು ಕುದುರೆ ಲಾಳದ ಆಕಾರದಲ್ಲಿದೆ. ಅದೂ ಕಲ್ಲಿನ ಮಡಿಕೆಯಿಂದ ಬಂದ ಆಕಾರ. ಅಲ್ಲಿಯ ಕೆಮ್ಮಣ್ಣುಗುಂಡಿಯ ಅದಿರಿನಿಂದಲೇ 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಮಾಡಲು ತೊಡಗಿದರು.

ಸೀಳು ಇದೆ. ಹೊಲದ ಕಲ್ಲುಗಳಲ್ಲಿ ಬಿಳಿ ಗೆರೆ ನೋಡಿದ್ದೀರಲ್ಲ? ಅದು ಬೆಣಚುಕಲ್ಲು. ಒಂದಕ್ಕೊಂದು ಉಜ್ಜಿದರೆ ಕಿಡಿ ಹಾರುತ್ತದೆ. ಹಳೆಯ ಕಾಲದಲ್ಲಿ ಕಲ್ಲು ಬಿರಿದಾಗ ಬಿರುಕಿನಲ್ಲಿ ಬಿಸಿನೀರು ಹರಿಯಿತು. ನೀರಿನಲ್ಲಿ ಕರಗಿದ್ದ ಕಲ್ಲು ಅಲ್ಲೇ ಗಟ್ಟಿಯಾಯಿತು. ಅಂದರೆ ಬಿಳಿ ಗೆರೆ ಎಂದರೆ ಗಾಯ ಮಾಯ್ದ ಗುರುತು. ಕೋಲಾರದಲ್ಲಿ, ರಾಯಚೂರಿನ ಹಟ್ಟಿಯಲ್ಲಿ ಚಿನ್ನ ಬಂದದ್ದೂ ಹೀಗೇ, ಬಿರುಕಿನ ಬಿಸಿನೀರಿನ ಜೊತೆ.

ಬೆಂದ ಕಲ್ಲು ಇದೆ. ಅದೇ ನಮ್ಮ ಬಳ್ಳಿಗಾವಿಯ ಗುಡಿಯ ಕಲ್ಲು.

ಕರಗಿದ ಕಲ್ಲು ಇದೆ. ರಾಮನಗರದ ಬೆಟ್ಟಗಳಿಂದ ಬಳ್ಳಾರಿ ಕಡೆಯ ತನಕ ಉದ್ದಕ್ಕೆ ಗ್ರಾನೈಟ್ ಪಟ್ಟಿ ಇದೆ. ಅದರ ವಯಸ್ಸೂ ಸುಮಾರು 250 ಕೋಟಿ ವರ್ಷ.

ಬೇರೂ ಇದೆ. ಭೂಕಂಪದ ಅಲೆಗಳನ್ನು ಅಳೆದು ನೋಡಿದಾಗ ಪಶ್ಚಿಮ ಕರ್ನಾಟಕದ ಅಡಿಯಲ್ಲಿ ತೊಗಟೆ ಇಂದಿಗೂ 40ರಿಂದ 50 ಕಿಲೋಮೀಟರ್ ದಪ್ಪ ಇದೆ ಎಂದು ತಿಳಿಯಿತು.

ಬೆಟ್ಟ ಎಲ್ಲಿ ಹೋಯಿತು?

ಒರಳು ಕಲ್ಲು ಒಂದೇ ತಲೆಮಾರಿನಲ್ಲಿ ಎಷ್ಟು ಸವೆಯುತ್ತದೆ! ಮಳೆ, ಗಾಳಿ, ಬಿಸಿಲು 250 ಕೋಟಿ ವರ್ಷ ಅರೆದರೆ ಬೆಟ್ಟ ಉಳಿದೀತೇ? ಮೇಲಿನದು ಸವೆದಂತೆ ಭಾರ ಇಳಿಯಿತು. ಭಾರ ಇಳಿದ ದೋಣಿ ನೀರಿನಲ್ಲಿ ಮೇಲೆ ಬರುತ್ತದಲ್ಲ, ಹಾಗೆ ಅಡಿಯ ಕಲ್ಲು ಮೇಲೆ ಬಂತು. ಅದೂ ಸವೆಯಿತು. ಮತ್ತೆ ಮೇಲೆ ಬಂತು. ಹೀಗಾಗಿ ಒಂದು ಕಾಲಕ್ಕೆ ಹಲವು ಕಿಲೋಮೀಟರ್ ಆಳದಲ್ಲಿ ಬೆಂದ ಕಲ್ಲು ಇಂದು ನಮ್ಮ ಕಾಲಡಿಯಲ್ಲಿದೆ. ಹಿಮಾಲಯದ ಹೊಟ್ಟೆಯಲ್ಲಿ ಇಂದು ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಅಂಥದ್ದನ್ನು ಕಾಣಬೇಕಾದರೆ ನಮ್ಮ ನಾಡಿನಂಥ ಹಳೆಯ ನೆಲಕ್ಕೆ ಬರಬೇಕು.

“ಹಾಗಾದರೆ ನಮ್ಮ ಸಹ್ಯಾದ್ರಿ?” ಎಂದು ನೀವು ಕೇಳಬಹುದು. ಸಹ್ಯಾದ್ರಿಯ ಕಲ್ಲು ಹಳೆಯದು. ಆದರೆ ಅದರ ಎತ್ತರ ಡಿಕ್ಕಿಯಿಂದ ಬಂದದ್ದಲ್ಲ. ಬೇರೆಯಾದುದರಿಂದ ಬಂದದ್ದು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಎಂಬ ದೊಡ್ಡ ದ್ವೀಪ ನಮ್ಮ ಪಶ್ಚಿಮ ಕರಾವಳಿಯಿಂದ ಕಳಚಿಕೊಂಡು ಹೋಯಿತು. ಆಗ ಉಕ್ಕಿದ ಕಲ್ಲು ಮಲ್ಪೆಯ ಹತ್ತಿರ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿದೆ. ನೆಲ ಸೀಳಿದ ಅಂಚು ಎತ್ತರವಾಗಿ ಉಳಿಯಿತು. ಆಗುಂಬೆ ಘಾಟಿಯಲ್ಲಿ ನಾವು ಇಳಿಯುವುದು ಬೆಟ್ಟದಿಂದಲ್ಲ, ಒಂದು ದೊಡ್ಡ ಜಗುಲಿಯಿಂದ.

ಡಿಕ್ಕಿ ಆಗದ ಕಲ್ಲು ಹೇಗಿರುತ್ತದೆ? ಬಾದಾಮಿಗೆ ಹೋದರೆ ನೋಡಿ. ಅಲ್ಲಿಯ ಮರಳುಗಲ್ಲಿನ ಪದರ ತಟ್ಟೆಯಲ್ಲಿ ಪೇರಿಸಿದ ರೊಟ್ಟಿಯ ಹಾಗೆ ಮಲಗಿದೆ. ನಮ್ಮ ಕಡೆಯ ಪದರ ಬುಟ್ಟಿಯಲ್ಲಿ ನಿಲ್ಲಿಸಿದ ರೊಟ್ಟಿಯ ಹಾಗೆ ನಿಂತಿದೆ. ಮಲಗಿದ್ದು ಅಲ್ಲಿ, ನಿಂತದ್ದು ಇಲ್ಲಿ. ಇದು ನೆನಪಿರಲಿ. ಅಕ್ಕನ ಬೋರಿನ ಉತ್ತರ ಇದರಲ್ಲೇ ಇದೆ.

ನೀರು ಎಲ್ಲಿರುತ್ತದೆ?

ಗಟ್ಟಿ ಕಲ್ಲು ನೀರು ಕುಡಿಯುವುದಿಲ್ಲ. ನಮ್ಮ ನೆಲದಲ್ಲಿ ನೀರು ಎರಡೇ ಕಡೆ ನಿಲ್ಲುತ್ತದೆ. ಒಂದು, ಮೇಲಿನ ಸವೆದು ಪುಡಿಯಾದ ಕಲ್ಲಿನಲ್ಲಿ. ನಮ್ಮ ಹಿರಿಯರು ತೆಗೆದ ಬಾವಿಗಳಲ್ಲಿ ಬರುತ್ತಿದ್ದುದು ಈ ನೀರು. ಎರಡು, ಅದರ ಕೆಳಗಿನ ಬಿರುಕುಗಳಲ್ಲಿ. ಬೋರಿನಲ್ಲಿ ಬರುವುದು ಹೆಚ್ಚಾಗಿ ಈ ನೀರು.

ಆ ಬಿರುಕುಗಳು ಎಲ್ಲಿಂದ ಬಂದವು? ಹಳೆಯ ಡಿಕ್ಕಿಯ ಒತ್ತಡದಿಂದ, ಮತ್ತು ಮೇಲಿನ ಭಾರ ಇಳಿದಾಗ ಕಲ್ಲು ಸಡಿಲಿದ್ದರಿಂದ. ಪದರ ನಿಂತಿರುವ ಕಡೆ ಬಿರುಕುಗಳೂ ಬಹಳಷ್ಟು ನಿಂತೇ ಇರುತ್ತವೆ.

ಈಗ ಯೋಚಿಸಿ. ಬುಟ್ಟಿಯಲ್ಲಿ ನಿಲ್ಲಿಸಿದ ರೊಟ್ಟಿಗೆ ಮೇಲಿಂದ ಸೂಜಿ ಚುಚ್ಚಿದ್ದೀರಿ. ಸೂಜಿ ಎರಡು ರೊಟ್ಟಿಯ ಸಂದಿಗೆ ಹೋದರೆ ಸರಿ. ಒಂದು ರೊಟ್ಟಿಯೊಳಗೇ ನೇರ ಇಳಿದರೆ ಕೊನೆಯ ತನಕ ರೊಟ್ಟಿಯೇ. ಅಕ್ಕನ ಬೋರು ಹೀಗೆ ಗಟ್ಟಿ ಕಲ್ಲಿನೊಳಗೇ ನೇರ ಇಳಿಯಿತು. ಪಕ್ಕದವರ ಬೋರು ಬಿರುಕಿಗೆ ತಾಗಿತು. ನಡುವೆ ಒಂದೇ ಬದು. ಬಿರುಕಿಗೆ ಬದು ಗೊತ್ತಿಲ್ಲ.

“ಇನ್ನೂ ಇನ್ನೂರು ಅಡಿ ಹೋಗಿದ್ದರೆ ಸಿಗ್ತಿತ್ತೇನೋ” ಎಂದು ಅಕ್ಕ ಕೇಳಿದರು. ಸಿಗಲೂಬಹುದು. ಆದರೆ ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗುತ್ತವೆ, ಕಡಿಮೆಯಾಗುತ್ತವೆ. ಆಳ ಹೆಚ್ಚಿದರೆ ಖರ್ಚು ಹೆಚ್ಚುವುದು ಖಂಡಿತ. ನೀರು ಹೆಚ್ಚುವುದು ಖಂಡಿತ ಅಲ್ಲ.

ಇನ್ನೊಂದು ಮಾತು. ಬಿರುಕಿನ ನೀರು ಎಲ್ಲಿಂದ ಬಂತು? ಮಳೆಯಿಂದಲೇ. ಬಿರುಕು ಎಂದರೆ ಕಿರಿದಾದ ಬಾಯಿಯ ಗಡಿಗೆ. ತುಂಬಲು ಸಮಯ ಬೇಕು. ಕೆರೆಯಲ್ಲಿ ನೀರು ನಿಂತರೆ ಅದು ನಿಧಾನವಾಗಿ ಇಳಿದು ಗಡಿಗೆ ತುಂಬುತ್ತದೆ. ಕೆರೆಯಲ್ಲಿ ಹೂಳು ತುಂಬಿದರೆ ನೀರು ನಿಲ್ಲುವುದಿಲ್ಲ. ನಾವೆಲ್ಲ ಬೋರಿನಲ್ಲಿ ಎತ್ತುತ್ತಲೇ ಇದ್ದರೆ ಗಡಿಗೆ ಬರಿದು. ಬಳ್ಳಿಗಾವಿಯಲ್ಲಿ ಗುಡಿಯ ಪಕ್ಕದಲ್ಲೇ ಕೆರೆ ಇದೆ. ಗುಡಿ ಕಟ್ಟಿದ ಕಾಲದವರಿಗೆ ಕೆರೆ ಕಟ್ಟುವುದೂ ಪುಣ್ಯದ ಕೆಲಸವಾಗಿತ್ತು.

ನಾವು ಏನು ಮಾಡಬಹುದು?

ಬೋರು ಹಾಕಿಸುವ ಮೊದಲು ಭೂವಿಜ್ಞಾನಿಗೆ ತೋರಿಸಿ. ಸರ್ಕಾರದ ಅಂತರ್ಜಲ ನಿರ್ದೇಶನಾಲಯದಲ್ಲಿ ಭೂವಿಜ್ಞಾನಿಗಳಿದ್ದಾರೆ. ನೆಲಕ್ಕೆ ಕರೆಂಟು ಹಾಯಿಸಿ ಬಿರುಕು ಎಲ್ಲಿರಬಹುದು ಎಂದು ನೋಡುವ ಯಂತ್ರ ಇದೆ. ಅದೂ ನೂರಕ್ಕೆ ನೂರು ಅಲ್ಲ. ಆದರೆ ಕೈಯಲ್ಲಿ ತೆಂಗಿನಕಾಯಿ ಹಿಡಿದು ಒಡವೆ ಪಣಕ್ಕಿಡುವುದಕ್ಕಿಂತ ಮೇಲು.

ನೀರು ಬಾರದ ಬೋರಿನ ಬಾಯಿಯನ್ನು ಅದೇ ದಿನ ಭದ್ರವಾಗಿ ಮುಚ್ಚಿಸಿ. ಮುಚ್ಚದ ಬೋರಿಗೆ ಮಕ್ಕಳು ಬಿದ್ದು ಸತ್ತ ಸುದ್ದಿ ಕೇಳಿದ್ದೇವೆ. ಗಾಡಿಯವರು ಹೊರಡುವ ಮೊದಲೇ ಈ ಕೆಲಸ ಆಗಲಿ.

ಮಳೆ ನೀರನ್ನು ಹೊಲದಲ್ಲೇ ನಿಲ್ಲಿಸಿ. ಬದು ಹಾಕಿ. ಕೃಷಿಹೊಂಡ ತೆಗೆಯಿರಿ. ಹಳೆಯ ಬಾವಿಯನ್ನು ಕಸದ ಗುಂಡಿ ಮಾಡಬೇಡಿ.

ಊರ ಕೆರೆಯ ಹೂಳು ತೆಗೆಸಲು ಗ್ರಾಮ ಸಭೆಯಲ್ಲಿ ಕೇಳಿ. ಬಾಯಲ್ಲಿ ಕೇಳಿದರೆ ಗಾಳಿಗೆ ಹೋಗುತ್ತದೆ. ಬರೆದು ಕೇಳಿ. ಅರ್ಜಿಗೆ ಸ್ವೀಕೃತಿ ತೆಗೆದುಕೊಳ್ಳಿ.

ನಮ್ಮ ಅಕ್ಕ ಎರಡನೇ ಬೋರು ಹಾಕಿಸಲಿಲ್ಲ. ಮನೆಯವರು ಇನ್ನೊಂದು ಓಲೆಯ ಮಾತು ಎತ್ತಿದಾಗ ಬೇಡ ಎಂದರು. “ಕಲ್ಲು ಹ್ಯಾಂಗೆ ನಿಂತಿದೆ ಅಂತ ಗೊತ್ತಿಲ್ಲದೆ ಚುಚ್ಚಿದ್ರೆ ಚುಚ್ಚಿಸಿಕೊಳ್ಳೋರು ನಾವೇ” ಎಂದರು. ಹಳೆಯ ಬಾವಿಯ ಹೂಳು ತೆಗೆಸಿದರು. ಅದರಲ್ಲಿ ಬೇಸಿಗೆಗೆ ಸಾಲುವಷ್ಟು ನೀರಿಲ್ಲ. ಮನೆಗೆ, ಎರಡು ದನಕ್ಕೆ ಆಗುತ್ತದೆ. ಅಡವಿಟ್ಟ ಓಲೆ ಇನ್ನೂ ಬಿಡಿಸಿಲ್ಲ.

ಕೆರೆಯ ಹೂಳಿಗಾಗಿ ಒಂದು ಅರ್ಜಿ ಕೊಟ್ಟೆವು. ಹದಿನಾಲ್ಕು ಹೆಂಗಸರ ಸಹಿ ಇದೆ. ಹೆಬ್ಬೆಟ್ಟು ಒಂದೂ ಇಲ್ಲ. ಅರ್ಜಿ ಬರೆದವರು ಅದೇ ಅಕ್ಕ. ಮೊದಲು ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು, ತಿದ್ದಿ, ಆಮೇಲೆ ಕಾಗದಕ್ಕೆ ಇಳಿಸಿದರು.

ಮಾಡಿ ನೋಡಿ

ಬೇರೆ ಬೇರೆ ಬಣ್ಣದ ನಾಲ್ಕು ಬಟ್ಟೆಯನ್ನು ಒಂದರ ಮೇಲೊಂದು ಹಾಸಿ. ಎರಡು ಕಡೆಯಿಂದ ತಳ್ಳಿ. ನೆರಿಗೆ ಯಾವ ದಿಕ್ಕಿಗೆ ಎದ್ದಿತು? ನೆರಿಗೆಯ ತಲೆಯನ್ನು ಕತ್ತರಿಸಿದರೆ ಮೇಲಿಂದ ಏನು ಕಾಣುತ್ತದೆ? ಬಣ್ಣದ ಪಟ್ಟಿ ಪಟ್ಟಿ ಕಾಣುತ್ತದೆ. ನಮ್ಮ ನಾಡಿನ ಕಲ್ಲೂ ಹಾಗೇ ಪಟ್ಟಿ ಪಟ್ಟಿಯಾಗಿದೆ. (ಹಳೆಯ ಬಟ್ಟೆ ತೆಗೆದುಕೊಳ್ಳಿ, ಒಳ್ಳೆಯ ಸೀರೆ ಬೇಡ!)

ಉತ್ತರ ಬರೆಯಿರಿ

1. ದಕ್ಷಿಣ ಕೇದಾರ ಎಂದು ಹೆಸರಾದ ಗುಡಿ ಯಾವ ಊರಿನಲ್ಲಿದೆ?
2. ಸಾಲಿಗ್ರಾಮದ ಒಳಗಿನ ಸುರುಳಿ ಏನನ್ನು ತೋರಿಸುತ್ತದೆ?
3. ಹಿಮಾಲಯ ಪೂರ್ವ ಪಶ್ಚಿಮವಾಗಿ ಮಲಗಿದೆ. ಏಕೆ?
4. ಡಿಕ್ಕಿಯ ಐದು ಗುರುತುಗಳನ್ನು ಬರೆಯಿರಿ.
5. ನಿಮ್ಮ ಊರಿನಲ್ಲಿ ಎಷ್ಟು ಬೋರು ಇವೆ? ಎಷ್ಟರಲ್ಲಿ ನೀರಿದೆ? ಬಾಯಿ ಮುಚ್ಚದ ಬೋರು ಎಷ್ಟು? ಕೇಳಿ ತಿಳಿದು ಬರೆಯಿರಿ.